ಬಿಚ್ಚದೇ ಉಳಿದ ಐದನೇ ಚೀಲ

ಕಂತು: ಒಂಬತ್ತು

"ಇದು ನಾನು ಹಾಕಿದ ಗಂಟಲ್ಲ," ಅಂದರು ಅತ್ತೆ.

ಎಷ್ಟು ಸಲೀಸಾಗಿ ಹೇಳಿದರೆಂದರೆ, ಮೇಜಿನ ಆಚೆ ನಿಂತಿದ್ದ ಇಸ್ತ್ರಿ ಸಾಹೇಬರು ಮರುಮಾತಿಲ್ಲದೆ ಬರೆದುಕೊಂಡರು. ಆ ಎಳೆ ವಯಸ್ಸಿನ ವಾಯುಪಡೆ ಅಧಿಕಾರಿಗೆ ಈ ಹೆಸರಿಟ್ಟದ್ದೂ ಅತ್ತೆಯೇ. ಅವರ ಷರಟಿನ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂಬುದು ಅತ್ತೆಯ ಅಭಿಪ್ರಾಯ.

ನನ್ನ ಕೈಯಲ್ಲಿದ್ದ ಪೆನ್ನು ಮಾತ್ರ ನಿಂತುಹೋಯಿತು. ಯಾಕೆಂದರೆ ಅದು ಅತ್ತೆಯದೇ ಗಂಟು.

ಗೋದಾಮಿನ ಮೇಜಿನ ಮೇಲಿದ್ದದ್ದು ಒಂದು ಪ್ಯಾರಾಶೂಟ್ ಚೀಲ. ನಲವತ್ತೊಂದು ವರ್ಷದ ಹಿಂದೆ, ಯುದ್ಧದಲ್ಲಿ, ಕೆರೆಗೆ ಬಿದ್ದ ಬಾಂಬರ್ ವಿಮಾನವನ್ನು ಹೂಳು ತೆಗೆಯುವವರು ಎರಡು ತಿಂಗಳ ಹಿಂದೆ ಮೇಲೆತ್ತಿದ್ದರು. ಅದರೊಳಗಿನ ತಗಡಿನ ಕಪಾಟಿನಲ್ಲಿ ಈ ಚೀಲ ಸಿಕ್ಕಿತು. ವಿಮಾನದಲ್ಲಿ ಐದು ಜನ, ಐದು ಪ್ಯಾರಾಶೂಟು, ಐವರೂ ಹಾರಿ ಬದುಕಿದರು ಎನ್ನುತ್ತದೆ ಆಗಿನ ವರದಿ. ಹಾಗಿದ್ದ ಮೇಲೆ ಬಿಚ್ಚದ ಚೀಲವೊಂದು ವಿಮಾನದ ಜೊತೆ ಮುಳುಗಿದ್ದು ಹೇಗೆ? ಎಂಟು ವಾರದಿಂದ ನನ್ನ ತಲೆ ತಿನ್ನುತ್ತಿರುವುದು ಇದೊಂದೇ ಪ್ರಶ್ನೆ.

ಕಳೆದುಹೋದವರನ್ನು ಹುಡುಕಿಕೊಡುವುದು ನನ್ನ ಕಸುಬು. ಆಗ ಪ್ಯಾರಾಶೂಟು ಮಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬರನ್ನಾದರೂ ಹುಡುಕಿಕೊಡಿ ಎಂದು ಇಸ್ತ್ರಿ ಸಾಹೇಬರು ನನ್ನ ಕಚೇರಿಯ ಮೆಟ್ಟಿಲು ಹತ್ತಿದಾಗ, ಅಂಥವರೊಬ್ಬರು, ನನ್ನ ಅತ್ತೆಯೇ, ಒಳಕೋಣೆಯಲ್ಲಿ ನನ್ನ ಫೈಲುಗಳಿಗೆ ದಾರ ಕಟ್ಟುತ್ತಾ ಕೂತಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ.

ಆಗ ಅತ್ತೆಗೆ ಇಪ್ಪತ್ತು ವಯಸ್ಸು, ವಿಮಾನ ನಿಲ್ದಾಣದಲ್ಲಿ ಪ್ಯಾರಾಶೂಟು ಮಡಿಸುವ ಶೆಡ್ಡಿನಲ್ಲಿ ಕೆಲಸ. ಮೂವತ್ತಡಿ ಉದ್ದದ ಮೇಜಿನ ಮೇಲೆ ರೇಷ್ಮೆ ಹಾಸಿ, ಹುರಿಗಳ ಸಿಕ್ಕು ಬಿಡಿಸಿ, ಮಡಿಸಿ, ಚೀಲಕ್ಕೆ ತುಂಬಿ, ಕೊನೆಗೆ ಬಾಯಿಗೆ ಮೇಣದ ದಾರದ ಒಂದು ಗಂಟು ಹಾಕಬೇಕು. ಎಳೆದರೆ ಹರಿಯಬೇಕು, ಅಲುಗಾಡಿದರೆ ಹರಿಯಬಾರದು. ಒಬ್ಬೊಬ್ಬಳಿಗೂ ಅವಳದೇ ಗಂಟು. ಪ್ಯಾರಾಶೂಟು ತೆರೆಯದಿದ್ದರೆ ಯಾರ ಜುಟ್ಟು ಹಿಡಿಯಬೇಕೆಂದು ಮೇಸ್ತ್ರಿಗೆ ಗೊತ್ತಾಗಬೇಕಲ್ಲ.

ಅತ್ತೆಯ ಗಂಟು ಎರಡು ಸುತ್ತು, ತುದಿ ಒಳಮಡಿಕೆ. ನಮ್ಮ ಮನೆಯಲ್ಲಿ ಅದು ಎಲ್ಲೆಲ್ಲೂ ಇದೆ. ಹಳೆ ಪೇಪರಿನ ಕಟ್ಟಿನಲ್ಲಿ, ಸಕ್ಕರೆ ಡಬ್ಬಿಯ ಬಾಯಿಬಟ್ಟೆಯಲ್ಲಿ, ನನ್ನ ಮಗಳ ಜಡೆಯ ರಿಬ್ಬನ್ನಿನಲ್ಲಿ. ಹದಿನಾರು ವರ್ಷದಿಂದ ಅದನ್ನು ಬಿಚ್ಚಲು ಹೋಗಿ ಉಗುರು ಮುರಿದುಕೊಳ್ಳುತ್ತಿರುವವಳು ನಾನು. ಆ ಗಂಟು ನನಗೆ ಗುರುತು ಸಿಗದೇ ಇರುತ್ತದೆಯೇ?

"ಇನ್ನೊಂದ್ಸಲ ನೋಡಿ ಅಮ್ಮ," ಅಂದರು ಇಸ್ತ್ರಿ ಸಾಹೇಬರು. "ಅವಸರ ಇಲ್ಲ."

ಅತ್ತೆ ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡರು, ಗಂಟಿನ ಮೇಲೆ ಬೆರಳಾಡಿಸಿದರು. ಆ ಬೆರಳು ಅಲ್ಲೇ ಒಂದು ಕ್ಷಣ ಹೆಚ್ಚಿಗೆ ಉಳಿಯಿತು.

"ನೋಡಿದೆನಲ್ಲಪ್ಪ. ನಮ್ಮ ಶೆಡ್ಡಲ್ಲಿ ಹನ್ನೊಂದು ಜನ ಹುಡುಗಿಯರಿದ್ವಿ. ಯಾರದ್ದೋ ಇರಬೇಕು."

"ಹೊರಜೇಬು ನೋಡಿದ್ರಾ?" ಅವರು ಚೀಲವನ್ನು ಮೆಲ್ಲಗೆ ಓರೆ ಮಾಡಿದರು. "ಖಾಲಿ. ಚೀಲ ಬಿಚ್ಚಿಲ್ಲ, ಆದರೆ ಕಾರ್ಡ್ ಮಾತ್ರ ಇಲ್ಲ. ಗುಂಡಿ ಬಿಚ್ಚಿ ಯಾರೋ ತೆಗೆದುಕೊಂಡಿದ್ದಾರೆ, ವಿಮಾನ ಮುಳುಗೋ ಮುಂಚೆ."

ನಾನು ಅತ್ತೆಯ ಮುಖ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಪ್ರತಿ ಚೀಲದ ಹೊರಜೇಬಿನಲ್ಲೂ ಒಂದು ಪುಟ್ಟ ಕಾರ್ಡು ಇರುತ್ತಿತ್ತು, ಅದರಲ್ಲಿ ಚೀಲದ ನಂಬರು ಮತ್ತು ಮಡಿಸಿದವಳ ಸಹಿ. ಹಾರಿ ಬದುಕಿದವನು ಆ ಕಾರ್ಡು ಹಿಡಿದು, ಏನಾದರೊಂದು ಉಡುಗೊರೆ ತೆಗೆದುಕೊಂಡು, ಅವಳನ್ನು ಹುಡುಕಿಕೊಂಡು ಶೆಡ್ಡಿಗೆ ಬರಬೇಕು. ಅದು ಅಲ್ಲಿನ ಪದ್ಧತಿ.

ನನ್ನ ಮಾವ ಹಾಗೆಯೇ ಬಂದವರು. ಈ ಬಾಂಬರಿನ ರೇಡಿಯೋ ಆಪರೇಟರ್ ಅವರೇ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಉಣ್ಣೆಯ ಕೈಗವಸು. ಆ ಕೈಗವಸು ಒಂದರಲ್ಲೇ ಅತ್ತೆಯ ಎರಡೂ ಕೈ ಹಿಡಿಸಿತಂತೆ. ಮೂರು ತಿಂಗಳಲ್ಲಿ ಮದುವೆ ಆಯಿತು. ಆ ಕಾರ್ಡು ಈಗ ಗಾಜು ಹಾಕಿಸಿಕೊಂಡು ನಮ್ಮ ಹಾಲಿನ ಗೋಡೆ ಮೇಲೆ ಕೂತಿದೆ. "ಎಲ್ಲರ ಮನೆಗೂ ಕಲ್ಲಿನ ಅಡಿಪಾಯ, ನಮ್ಮದಕ್ಕೆ ರೇಷ್ಮೆಯದು" ಅಂತ ಮಾವ ಬಂದವರಿಗೆಲ್ಲ ಹೇಳುತ್ತಾರೆ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಆ ಕಾರ್ಡಿನಲ್ಲಿರುವ ನಂಬರು ಐದು. ಮೇಜಿನ ಮೇಲಿದ್ದ ಚೀಲದ ಮುಚ್ಚಳದಲ್ಲಿ, ಬಿಳಿ ಬಣ್ಣದಲ್ಲಿ, ಅದೇ ಐದು.

"ಯಾವ ನಂಬರ್ ಯಾರಿಗೆ ಕೊಟ್ಟಿದ್ರು ಅನ್ನೋ ರಿಜಿಸ್ಟರ್ ಸೋಮವಾರ ಬರುತ್ತೆ," ಅಂದರು ಇಸ್ತ್ರಿ ಸಾಹೇಬರು. "ವಿಮಾನ ಪೂರ್ತಿ ಜಾಲಾಡಿದ್ದೀವಿ, ಸಿಕ್ಕಿದ್ದು ಇದೊಂದೇ ಚೀಲ. ಈ ಐದನೇ ನಂಬರಿನವರು ಹೇಗೆ ಬದುಕಿದ್ರು ಅಂತ ಅವರೇ ಹೇಳಬೇಕಾಗುತ್ತೆ."

ಅತ್ತೆ ಹೇಳಿಕೆಗೆ ಸಹಿ ಹಾಕಿದರು. ದುಂಡಗಿನ, ಚೊಕ್ಕ ಸಹಿ.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ದಾರಿಯಲ್ಲಿ ಅಂಗಡಿ ಬೋರ್ಡುಗಳ ತಪ್ಪು ಹುಡುಕುವುದು ಅವರ ಹವ್ಯಾಸ. ಇವತ್ತು ಒಂದು ತಪ್ಪನ್ನೂ ಹುಡುಕಲಿಲ್ಲ.

"ಅತ್ತೆ, ಗಂಟು ನಿಜವಾಗ್ಲೂ ನಿಮ್ಮದಲ್ವಾ?"

"ಅಲ್ಲ ಅಂದ್ನಲ್ಲ. ನೀನು ಪೊಲೀಸಾ, ಸೊಸೆಯಾ?"

"ಎರಡರಲ್ಲಿ ಯಾವುದಕ್ಕೆ ಹೇಳ್ತೀರಿ?"

"ಎರಡಕ್ಕೂ ಹೇಳಲ್ಲ." ಅಷ್ಟು ಹೇಳಿ ನನ್ನ ಸೆರಗಿನ ಮೇಲಿದ್ದ ಒಂದು ನೂಲನ್ನು ಕಿತ್ತು ಕಿಟಕಿಯಾಚೆ ಬಿಟ್ಟರು. "ನಾನು ಮನೆಗೆ ಹೋಗ್ತೀನಿ. ನಿಮ್ಮ ಮಾವ ಇವತ್ತೂ ಊಟದ ಡಬ್ಬಿ ಬಿಟ್ಟು ಹೋಗಿದಾರೆ."

ಈ ಮನೆಗೆ ಬಂದ ಮೇಲೆ ಅತ್ತೆ ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಎರಡೇ ಸಲ. ಎರಡು ಸಲವೂ ನನ್ನನ್ನು ಉಳಿಸುವುದಕ್ಕೆ. ನಾನು ಕೆಲಸ ಬಿಟ್ಟು ಈ ಕಚೇರಿ ತೆರೆದದ್ದನ್ನು ನನ್ನ ಗಂಡನಿಗೆ ಆರು ತಿಂಗಳು ತಿಳಿಯದಂತೆ ಮುಚ್ಚಿಟ್ಟವರು, ಬಾಗಿಲಿಗೆ ಮೊದಲ ಬೋರ್ಡು ಬರೆಸಿಕೊಟ್ಟವರು ಅವರು. ಅಂಥವರ ಮೂರನೇ ಸುಳ್ಳು ಯಾರನ್ನು ಉಳಿಸುವುದಕ್ಕೆ ಎಂದು ಊಹಿಸಲು ಪತ್ತೇದಾರರೇ ಆಗಬೇಕಿಲ್ಲ.

ಕೇಸು ಹಾಳಾಗಲಿ. ಆ ಕಾರ್ಡಿನ ಕಥೆ ಸುಳ್ಳೆಂದಾದರೆ ಅತ್ತೆಯ ನಲವತ್ತೊಂದು ವರ್ಷದ ಸಂಸಾರ ಸುಳ್ಳಿನ ಮೇಲೆ ಕೂತಂತಾಗುತ್ತದೆ. ಸತ್ಯ ಏನೇ ಇರಲಿ, ಅದು ಇವರಿಬ್ಬರನ್ನು ಬೇರೆ ಮಾಡಬಾರದು. ಸೋಮವಾರ ರಿಜಿಸ್ಟರ್ ಬರುವ ಮುಂಚೆ ಆ ಸತ್ಯ ನನಗೆ ತಿಳಿದಿರಬೇಕು.

ನಾನು ಎರಡು ನಿಲ್ದಾಣ ಮೊದಲೇ ಇಳಿದು ಮಾವನ ಅಂಗಡಿಗೆ ನಡೆದೆ.

ಮಾವನದು ರೇಡಿಯೋ ರಿಪೇರಿ ಅಂಗಡಿ. ಈಗ ರೇಡಿಯೋ ತರುವವರೇ ಇಲ್ಲ. ತಂದವರೂ ವಾಪಸು ಒಯ್ಯಲು ಬರುವುದಿಲ್ಲ. ಗೋಡೆ ತುಂಬಾ ಬಾಯಿ ಮುಚ್ಚಿದ ರೇಡಿಯೋಗಳ ಸಾಲು. ಮಾವ ಮಾತ್ರ ದಿನಾ ಒಂಬತ್ತಕ್ಕೆ ಬಾಗಿಲು ತೆಗೆದು, ತಂತಿ ಬೆಸೆಯುವ ಸೋಲ್ಡರ್ ಕಡ್ಡಿ ಬಿಸಿ ಮಾಡಿ, ಯಾವುದಾದರೊಂದರ ಹೊಟ್ಟೆ ಬಗೆಯುತ್ತಾರೆ.

ನಾನು ಹೋದಾಗ ಮೂಗಿನ ತುದಿಯಲ್ಲಿ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ತಂತಿಯನ್ನು ಗದರುತ್ತಿದ್ದರು.

"ಬಾ ಮಗಳೇ. ನೋಡು ಇದನ್ನ, ನಿನ್ನ ಗಂಡನ ಹಾಗೆ. ಎಲ್ಲ ಸರಿಯಿದೆ, ಆದ್ರೆ ಮಾತಾಡಲ್ಲ."

"ಮಾವ, ಕಡ್ಡಿ ಕೆಳಗಿಡಿ."

"ಯಾಕೆ?"

"ಕೈ ಸುಟ್ಕೋತೀರಿ. ಗೋದಾಮಿನಲ್ಲಿ ಚೀಲ ನೋಡಿಕೊಂಡು ಬಂದೆ. ನಂಬರ್ ಐದು."

ಅವರು ಕಡ್ಡಿಯನ್ನು ಅದರ ಗೂಡಿಗೆ ಇಟ್ಟರು. ನಿಧಾನವಾಗಿ, ಎರಡು ಸಲ ಸರಿಪಡಿಸಿ ಇಟ್ಟರು.

"ಗಡಿಬಿಡಿಯಲ್ಲಿ ಚೀಲ ಅದಲು ಬದಲಾಗಿರುತ್ತೆ," ಅಂದರು. "ದಾರಿ ತೋರಿಸೋ ನಕಾಶೆಯವನದ್ದು ನಾನು ಕಟ್ಕೊಂಡಿರಬೇಕು, ನನ್ನದನ್ನ ಅವನು..."

"ಆಗಲೂ ಐದು ಜನಕ್ಕೆ ಐದು ಚೀಲ ಬೇಕಲ್ಲ ಮಾವ. ಒಂದು ಒಳಗೇ ಉಳಿದಿದೆ."

"ಗನ್ನರುಗಳ ಹತ್ತಿರ ಹೆಚ್ಚಿಗೆ ಒಂದು ಇತ್ತೋ ಏನೋ. ಆ ಇಬ್ಬರೂ ಮಹಾ ಕಳ್ಳರು."

"ಇಬ್ಬರ ಹತ್ತಿರವೂ ಮಾತಾಡಿದೀನಿ. ಒಬ್ಬರು ಬಿದ್ದದ್ದು ಹುಲ್ಲಿನ ಮೆದೆ ಮೇಲೆ. ಇನ್ನೊಬ್ಬರು ಮರಕ್ಕೆ ಸಿಕ್ಕಿಕೊಂಡು ಎರಡು ಗಂಟೆ ನೇತಾಡಿದ್ರು. ನಕಾಶೆಯವರು ಪಾದ ಮುರ್ಕೊಂಡ್ರು. ಮೂವರೂ ಗಾಳಿಯಲ್ಲಿ ಹೇಗಿತ್ತು, ಹಗ್ಗ ಎಳೆದಾಗ ಹೆಗಲಿಗೆ ಎಷ್ಟು ನೋವಾಯ್ತು, ಎಲ್ಲ ಹೇಳ್ತಾರೆ. ನಿಲ್ಲಿಸಿ ಅಂದ್ರೂ ನಿಲ್ಲಿಸಲ್ಲ."

"ಹೂಂ. ಬಾಯಿಬಡುಕರು."

"ನೀವೂ ಬಾಯಿಬಡುಕರೇ ಮಾವ. ನಿಮ್ಮ ಕಥೆ ನೂರು ಸಲ ಕೇಳಿದೀನಿ. ಒದ್ದೆ ಬಟ್ಟೆಯಲ್ಲಿ ಕೆರೆ ದಂಡೆಗೆ ಬಂದದ್ದು, ಬೂಟಿನೊಳಗೆ ಮೀನು ಸಿಕ್ಕಿದ್ದು, ಮುದುಕಿಯೊಬ್ಬಳು ಕಂಬಳಿ ಕೊಟ್ಟದ್ದು. ಆದ್ರೆ ಹಾರಿದ್ದು ಮಾತ್ರ ಒಂದು ಸಲವೂ ಹೇಳಿಲ್ಲ. ನಿಮ್ಮ ಕಥೆ ಯಾವಾಗಲೂ ನೆಲದಿಂದಲೇ ಶುರು."

ಮಾವ ಭೂತಗನ್ನಡಿ ತೆಗೆದರು. ಅದಿಲ್ಲದೆ ಅವರ ಕಣ್ಣುಗಳು ಚಿಕ್ಕವಾಗಿ, ದಣಿದಂತೆ ಕಂಡವು. ನನಗೆ ಅಲ್ಲೇ ಬಿಟ್ಟು ಎದ್ದು ಹೋಗೋಣ ಅನ್ನಿಸಿತು. ಕಸುಬು ಬಿಡಲಿಲ್ಲ.

"ನೀವು ಹಾರಲಿಲ್ಲ," ಅಂದೆ.

ಅಂಗಡಿಯಲ್ಲಿ ಅಷ್ಟೊಂದು ರೇಡಿಯೋ ಇದ್ದರೂ ಒಂದರಲ್ಲೂ ಸದ್ದಿಲ್ಲ.

"ಇಲ್ಲ," ಅಂದರು ಮಾವ.

ಸ್ವಲ್ಪ ಹೊತ್ತು ಮೇಜಿನ ಮೇಲಿನ ತಿರುಪುಗಳನ್ನು ದೊಡ್ಡದು ಚಿಕ್ಕದು ಅಂತ ಬೇರೆ ಮಾಡಿದರು. ಆಮೇಲೆ ನನ್ನನ್ನು ನೋಡದೆ ಹೇಳತೊಡಗಿದರು.

"ಬಾಂಬ್ ಹಾಕೋಕೆ ಹೊರಟಿದ್ದಲ್ಲ ಅವತ್ತು. ಮುಂದಿನ ನಿಲ್ದಾಣಕ್ಕೆ ವಿಮಾನ ಸಾಗಿಸ್ತಿದ್ವಿ, ಅಷ್ಟೆ. ಮಟಮಟ ಮಧ್ಯಾಹ್ನ. ಶತ್ರು ವಿಮಾನ ಎರಡು, ಮೋಡದ ಹಿಂದೆ ಕಾಯ್ಕೊಂಡಿದ್ದ ಹಾಗೆ ಬಂದ್ವು. ಎಡಗಡೆ ಇಂಜಿನ್ನಿಗೆ ಬೆಂಕಿ ಬಿತ್ತು. ಒಳಗೆಲ್ಲ ಹೊಗೆ. ಕ್ಯಾಪ್ಟನ್ ಹಾರಿ ಅಂದ್ರು. ಮುಂದಿನ ಬಾಗಿಲಿಂದ ಮೂರು ಜನ ಹಾರಿದ್ರು."

"ನೀವು?"

"ನನ್ನ ಜಾಗ ನಡುವೆ. ರೇಡಿಯೋ ಮೇಜು, ಅದರ ಹಿಂದೆ ಕ್ಯಾನ್ವಾಸ್ ಪರದೆ, ಪರದೆ ಆಚೆ ಸಾಮಾನು ಇಡೋ ಜಾಗ, ಹಿಂಬಾಗಿಲು. ನಾನು ಕಪಾಟಿಂದ ಚೀಲ ತೆಗೀಬೇಕಿತ್ತು, ಕಟ್ಕೋಬೇಕಿತ್ತು, ಹಿಂಬಾಗಿಲಿಗೆ ಹೋಗಬೇಕಿತ್ತು. ಕಲಿಸಿದ್ದೆಲ್ಲ ನೆನಪಿತ್ತು ಮಗಳೇ. ಕೈ ಮಾತ್ರ ಕಂಬ ಬಿಡಲಿಲ್ಲ. ಮೇಜಿನ ಪಕ್ಕದ ಕಬ್ಬಿಣದ ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟೆ. ಇಪ್ಪತ್ನಾಲ್ಕು ವರ್ಷದ ಗಂಡಸು. ಭಯಕ್ಕೆ ಗಟ್ಟಿಯಾಗಿ ಮಗ್ಗಿ ಹೇಳ್ತಿದ್ದೆ. ಕ್ಯಾಪ್ಟನ್ ಬೂಟಿನ ಸದ್ದು ಕೇಳಿದ ಕೂಡಲೇ ಬಾಯಿ ಮುಚ್ಚಿದೆ. ಇದನ್ನ ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ."

ನಗು ಬರುವಂಥ ಮಾತು. ನಗಲಾಗಲಿಲ್ಲ. ನಾನು ಅವರ ತಿರುಪುಗಳನ್ನು ಬೇರೆ ಮಾಡಲು ಕೈಹಾಕಿದೆ.

"ಕ್ಯಾಪ್ಟನ್ ವಿಮಾನ ನಡೆಸೋ ಹಿಡಿಕೆ ಅಲುಗದ ಹಾಗೆ ಬೆಲ್ಟ್ ಕಟ್ಟಿ ಹಿಂದಕ್ಕೆ ಬಂದಿದ್ರು. ನನ್ನ ದಾಟಿ, ಪರದೆ ಸರಿಸಿ ಹೋದ್ರು. ಹಿಂಬಾಗಿಲು ತೆಗೆದ ಗಾಳಿ ಬಂತು. ಏನೋ ದೊಡ್ಡದು ಆಚೆ ಹೋದ ಸದ್ದು. ವಾಪಸ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ರು. 'ಕಣ್ಣು ಬಿಡು ತಮ್ಮಾ. ನನ್ನ ಪ್ಯಾರಾಶೂಟ್ ಹೋಯ್ತು. ಇನ್ನು ಇಬ್ಬರಿಗೂ ಒಂದೇ ದಾರಿ, ಕೆರೆ ಮೇಲೆ ಇಳಿಸ್ತೀನಿ' ಅಂದ್ರು."

"ತಮ್ಮ ಪ್ಯಾರಾಶೂಟ್ ಎಸೆದುಬಿಟ್ರಾ?"

"ನನಗೆ ಧೈರ್ಯ ಬರಲಿ ಅಂತ. ನೀನೊಬ್ಬನೇ ಅಲ್ಲ, ನಾನೂ ಇದ್ದೀನಿ ಅಂತ ತೋರಿಸೋಕೆ." ಮಾವ ಒಂದು ತಿರುಪನ್ನು ಬೆರಳಲ್ಲಿ ತಿರುಗಿಸಿದರು. "ಹಾರಿದ್ರೆ ಬದುಕ್ತಿದ್ದ ಮನುಷ್ಯ. ಈ ಪುಕ್ಕಲನಿಗೋಸ್ಕರ ಒಂದೇ ಇಂಜಿನ್ನಲ್ಲಿ ನೀರಿನ ಮೇಲೆ ಇಳಿಸಿದ್ರು. ಮುಳುಗೋ ಮುಂಚೆ ಕಪಾಟು ತೆಗೆದು ನನ್ನ ಚೀಲದಿಂದ ಕಾರ್ಡ್ ಕಿತ್ತು ಜೇಬಿಗೆ ತುರುಕಿದವರೂ ಅವರೇ. ದಂಡೆಗೆ ಈಜಿ ಬಂದ ಮೇಲೆ, 'ಐದೂ ಜನ ಹಾರಿದ್ವಿ, ನಾವಿಬ್ಬರು ಕೆರೆಗೆ ಬಿದ್ವಿ, ಪ್ಯಾರಾಶೂಟ್ ಮುಳುಗಿ ಹೋದ್ವು, ತಿಳೀತಾ' ಅಂದ್ರು. ಹಾರು ಅಂದಾಗ ಹಾರದವನಿಗೆ ಆಗ ಮಿಲಿಟರಿ ಕೋರ್ಟು ಮಗಳೇ."

ನನ್ನ ಲೆಕ್ಕ ಸರಿಹೋಯಿತು. ಇ‌ಬ್ಬರು ಹಾರದಿದ್ದರೆ ವಿಮಾನದಲ್ಲಿ ಎರಡು ಚೀಲ ಸಿಗಬೇಕಿತ್ತು, ಸಿಕ್ಕಿದ್ದು ಒಂದು. ಇನ್ನೊಂದು ಹಿಂಬಾಗಿಲಿನಿಂದ ಹೋಗಿದೆ. ಕ್ಯಾಪ್ಟನ್ ತೀರಿಕೊಂಡು ಮೂರು ವರ್ಷ. ಅವರ ಅಂತ್ಯಕ್ರಿಯೆಯಲ್ಲಿ ಮಾವ ಯಾಕೆ ಸ್ವಂತ ಅಣ್ಣ ಹೋದಂತೆ ಅತ್ತರು ಎಂದು ಈಗ ಅರ್ಥವಾಯಿತು.

"ಮತ್ತೆ ಅತ್ತೆಗೆ ಕಾರ್ಡ್ ಕೊಡೋಕೆ ಯಾಕೆ ಹೋದ್ರಿ?"

"ಹೋಗದಿದ್ರೆ ಅನುಮಾನ ಬರುತ್ತಲ್ಲ. ಕೊಟ್ಟು, ಕೈಗವಸು ಕೊಟ್ಟು, ತಲೆ ತಗ್ಗಿಸ್ಕೊಂಡು ಬಂದುಬಿಡೋಣ ಅಂತ ಹೋದೆ. ಅವಳು ಆ ಕಾರ್ಡ್ ನೋಡಿ ಅತ್ತುಬಿಟ್ಲು. ಅಳೋ ಹುಡುಗಿಗೆ 'ನೀನು ಮಡಿಸಿದ್ದನ್ನ ನಾನು ಬಿಚ್ಚಲೇ ಇಲ್ಲ' ಅಂತ ಹೇಗೆ ಹೇಳಲಿ? ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಅಂದ್ಕೊಂಡೇ ಮದುವೆ ಆಯ್ತು, ಮಗ ಹುಟ್ಟಿದ, ನೀನು ಬಂದೆ." ಅವರು ನನ್ನ ಕೈ ಹಿಡಿದುಕೊಂಡರು. "ಅವಳಿಗೆ ತಿಳಿಯೋದು ಬೇಡ. ನನ್ನನ್ನ ಪುಕ್ಕಲ ಅಂದ್ರೆ ಸಹಿಸ್ತೀನಿ. ಸುಳ್ಳುಗಾರ ಅಂದ್ರೆ ನನಗೆ ಬೇರೆ ಮನೆಯಿಲ್ಲ."

"ಮಾವ," ಅಂದೆ. "ಇವತ್ತು ಬೆಳಿಗ್ಗೆ ಅತ್ತೆ ತಮ್ಮದೇ ಗಂಟು ಮುಟ್ಟಿ, ಇದು ನನ್ನದಲ್ಲ ಅಂತ ಸಹಿ ಹಾಕಿ ಬಂದಿದಾರೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಕೈ ಬಿಟ್ಟು ಮೇಜಿನ ಅಂಚು ಹಿಡಿದುಕೊಂಡರು.

ಅಷ್ಟರಲ್ಲಿ ಬಾಗಿಲಿನ ಗಂಟೆ ಅಲ್ಲಾಡಿತು. ಊಟದ ಡಬ್ಬಿ ಹಿಡಿದು ಅತ್ತೆ ನಿಂತಿದ್ದರು.

"ಏನು, ಮಾವ ಸೊಸೆ ಇಬ್ಬರೂ ಮುಖ ಹುಳ್ಳಗೆ ಮಾಡ್ಕೊಂಡು ಕೂತಿದೀರಿ? ಯಾರ ರೇಡಿಯೋ ಸತ್ತುಹೋಯ್ತು?"

ಮಾವ ಎದ್ದು ನಿಂತರು. ಅರವತ್ತೈದರ ಮನುಷ್ಯ, ಪಾಠ ಒಪ್ಪಿಸುವ ಹುಡುಗನಂತೆ ಕೈ ಕಟ್ಟಿಕೊಂಡರು.

"ನಾನು ಹಾರಲಿಲ್ಲ ಕಣೇ."

"ಗೊತ್ತು," ಅಂದರು ಅತ್ತೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಿರುಪುಗಳನ್ನು ಪಕ್ಕಕ್ಕೆ ಸರಿಸಿ, ತಮ್ಮ ಕರವಸ್ತ್ರದಿಂದ ಜಾಗ ಒರೆಸಿದರು. "ಕೈಗವಸು ತಂದ ದಿವಸದಿಂದ ಗೊತ್ತು."

"ನಲವತ್ತೊಂದು ವರ್ಷದಿಂದ?"

"ನೀವು ಹೇಳ್ತೀರಿ ಅಂತ ಕಾದೆ. ಮೊದಲ ಹತ್ತು ವರ್ಷ ಸಿಟ್ಟಿತ್ತು. ಆಮೇಲೆ, ಪಾಪ ಎಷ್ಟು ಕಷ್ಟಪಟ್ಟು ಮುಚ್ಚಿಡ್ತಿದಾರೆ, ಇರ್ಲಿ ಅನ್ನಿಸ್ತು. ಕಾರ್ಡಿಗೆ ಗಾಜು ಹಾಕಿಸಿದ್ದೇ ನಾನು. ನೀವು ಅದರ ಮುಂದೆ ಹೋದಾಗೆಲ್ಲ ಮುಖ ಆಚೆ ತಿರುಗಿಸ್ತಿದ್ರಿ. ನೋಡೋಕೆ ಚೆನ್ನಾಗಿರ್ತಿತ್ತು."

ಮಾವ ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. ಅತ್ತೆ ಅದೇ ಕರವಸ್ತ್ರವನ್ನು ಅವರಿಗೂ ಕೊಟ್ಟರು. ಅದರಲ್ಲಿ ಸೋಲ್ಡರಿನ ಕರಿ ಇತ್ತು. ಅವರು ಒರೆಸಿಕೊಂಡ ಮೇಲೆ ಕೆನ್ನೆಯ ಮೇಲೆ ಮೀಸೆ ಮೂಡಿತು. ನನಗೆ ಇವರಿಬ್ಬರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಸೋಮವಾರದ ರಿಜಿಸ್ಟರನ್ನು ಇಸ್ತ್ರಿ ಸಾಹೇಬರ ಕೈಯಿಂದ ಕಸಿದು ಒಲೆಗೆ ಹಾಕಲೂ ಸಿದ್ಧಳಿದ್ದೆ.

"ನಾನು ಪುಕ್ಕಲ," ಅಂದರು ಮಾವ.

"ಹೆದರದೆ ಇರೋಕೆ ನೀವೇನು ಕಲ್ಲಾ? ಬೆಂಕಿ ಬಿದ್ರೆ ಯಾರಾದ್ರೂ ಹೆದರ್ತಾರೆ. ಒಬ್ಬೊಬ್ಬರು ಒಂದೊಂದು ಹೇಳ್ಕೋತಾರೆ. ನೀವು ಮಗ್ಗಿ ಹೇಳಿದ್ರಿ. ಅದರಲ್ಲೂ ಹದಿನೇಳರ ಮಗ್ಗಿ. ಹದಿನೇಳೆಂಟ್ಲೆ ನೂರಾ ಇಪ್ಪತ್ತಾರಂತೆ. ಅದಕ್ಕೇ ನಿಮ್ಮ ಮಗ ಲೆಕ್ಕದಲ್ಲಿ ಮುಂದೆ ಬರಲಿಲ್ಲ."

ಮಾವ ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗು ಅರ್ಧದಲ್ಲೇ ನಿಂತಿತು.

ಈ ಕಸುಬಿನ ಶಾಪವೇ ಇದು. ಮನೆಯವರು ನಗುತ್ತಿರುವಾಗಲೂ ತಲೆಯೊಳಗೆ ಒಂದು ಪೆನ್ನು ಬರೆಯುತ್ತಿರುತ್ತದೆ. ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ.

"ಅತ್ತೆ, ಮಗ್ಗಿ ಹೇಳಿದ್ದು ನಿಮಗೆ ಯಾರು ಹೇಳಿದ್ರು?"

"ಇವರೇ ಯಾವಾಗಲೋ ಹೇಳಿರ್ತಾರೆ."

"ನಾನು ಹೇಳಿಲ್ವಲ್ಲ," ಅಂದರು ಮಾವ, ಇನ್ನೂ ನಗುತ್ತಲೇ. "ಈಗ ಇವಳಿಗೆ ಹೇಳೋವರೆಗೂ ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಕ್ಯಾಪ್ಟನ್ ಹೇಳಿರಬೇಕು."

"ಅವರು ಹತ್ತಿರ ಬರೋ ಮುಂಚೆ ನಿಲ್ಲಿಸಿದ್ದೆ ಕಣೇ. ಆ ಇಂಜಿನ್ ಸದ್ದಲ್ಲಿ ಮುಂದೆ ಕೂತವರಿಗೆ ಕೇಳೋ ಮಾತೇ ಇಲ್ಲ." ಮಾವನ ನಗು ಸಣ್ಣಗಾಯಿತು.

"ಸರಿ, ಈಗ ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡೆ ಅಂತ ಇಟ್ಕೊಳ್ಳಿ," ಅಂದರು ಅತ್ತೆ. ಸ್ವರದಲ್ಲಿ ಬೆಳಗಿನ ಅದೇ ಸಲೀಸು.

"ಮಗ್ಗಿ ಅನ್ನೋದನ್ನ ಕೇಳಿಸ್ಕೊಂಡಿರಬಹುದು," ಅಂದೆ. "ಆದ್ರೆ ಹದಿನೇಳರದ್ದು ಅಂತ ಮಾವ ನನಗೂ ಹೇಳಲಿಲ್ಲ. ಎಲ್ಲಿ ತಪ್ಪಿದ್ರು ಅಂತಲೂ ಹೇಳಲಿಲ್ಲ. ಅದು ಕೇಳಿಸಬೇಕು ಅಂದ್ರೆ ಅವರ ಹತ್ತಿರ ಇರಬೇಕು ಅತ್ತೆ. ಒಂದು ಪರದೆ ಆಚೆಯಷ್ಟು ಹತ್ತಿರ."

ಅತ್ತೆ ಗಿರಾಕಿಗಳಿಗೆ ಹಾಕಿದ್ದ ಸ್ಟೂಲನ್ನು ಎಳೆದುಕೊಂಡು ಕೂತರು.

ಮಾವ ಅವರನ್ನೇ ನೋಡುತ್ತಿದ್ದರು. ಆ ಮಧ್ಯಾಹ್ನದ ಹೊಗೆ, ಗಾಳಿ, ಬೂಟಿನ ಸದ್ದು ಒಂದೊಂದಾಗಿ ಅವರ ಮುಖದ ಮೇಲೆ ಮತ್ತೆ ಹಾದುಹೋಗುವುದು ನನಗೆ ಕಾಣುತ್ತಿತ್ತು.

"ಕ್ಯಾಪ್ಟನ್ ಹಿಂಬಾಗಿಲಿಂದ ಎಸೆದದ್ದು..." ಅಂದರು.

"ಬರೀ ಪ್ಯಾರಾಶೂಟ್ ಅಲ್ಲ ರೀ," ಅಂದರು ಅತ್ತೆ. "ಅದನ್ನ ನನಗೆ ಕಟ್ಟಿ, ನನ್ನನ್ನ ಎಸೆದ್ರು."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಹಾಗಾದ್ರೆ ನನಗೋಸ್ಕರ ಅಲ್ಲ," ಮಾವ ತಮಗೇ ಹೇಳಿಕೊಂಡರು. "ಅವರು ಹಾರದೇ ಉಳಿದದ್ದು ನನಗೋಸ್ಕರ ಅಲ್ಲ."

"ಅಲ್ಲ. ಅವರ ಹತ್ತಿರ ಹಾರೋಕೆ ಏನೂ ಉಳಿದಿರಲಿಲ್ಲ. ನಿಮ್ಮ ಚೀಲ ಕಪಾಟಲ್ಲಿ ಇದ್ದದ್ದು ಅವರಿಗೆ ಗೊತ್ತಿತ್ತು. ಅದನ್ನ ಕಟ್ಕೊಂಡು, ನಿಮ್ಮನ್ನ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಅಷ್ಟು ಮಾತ್ರ ನಿಮಗೋಸ್ಕರ. ಉಳಿದ ಭಾರ ನನ್ನದು. ಇಷ್ಟು ವರ್ಷ ನಿಮ್ಮ ಹೆಗಲ ಮೇಲೆ ಬಿಟ್ಟಿದ್ದೆ, ತಪ್ಪಾಯ್ತು."

ಮಾವ ಬಗ್ಗಿ ಅತ್ತೆಯ ಕೈ ಹಿಡಿದುಕೊಂಡರು. ಸಿಟ್ಟಿಲ್ಲ, ಕೆನ್ನೆಯ ಕರಿಮೀಸೆ ಹಾಗೇ ಇತ್ತು. "ನೀನು ಬದುಕಿದೆಯಲ್ಲ," ಅಂದರು. "ನಾನು ಕಣ್ಣು ಮುಚ್ಕೊಂಡಿದ್ದಾಗ ನೀನು ಅಲ್ಲೇ ಇದ್ದೆ, ಬದುಕಿದೆ. ಸಾಕು ಬಿಡು." ಆಮೇಲೆ, ಯಾವ ಗಂಡನಾದರೂ ಕೇಳುವಂತೆ, ಸಹಜವಾಗಿ ಕೇಳಿದರು. "ಅಲ್ಲಾ, ಶೆಡ್ಡಲ್ಲಿ ಇರಬೇಕಾದ ಹುಡುಗಿ, ನಮ್ಮ ವಿಮಾನದಲ್ಲಿ ಏನು ಮಾಡ್ತಿದ್ದೆ?"

ಅತ್ತೆ ಕೈ ಬಿಡಿಸಿಕೊಂಡರು. ಡಬ್ಬಿಯ ಮುಚ್ಚಳ ತೆಗೆದು ಮಾವನ ಮುಂದೆ ಸರಿಸಿದರು.

"ಮೊದಲು ಊಟ ಮಾಡಿ."

"ಹೇಳೇ."

"ಊಟ ಮಾಡಿ ರೀ. ಕೇಳಿದ ಮೇಲೆ ನನ್ನ ಕೈ ಅಡಿಗೆ ನಿಮಗೆ ಸೇರುತ್ತೋ ಇಲ್ವೋ."

ಮಾವ ನನ್ನತ್ತ ನೋಡಿದರು. ಅವರು ಒಂದು ತುತ್ತು ಬಾಯಿಗಿಟ್ಟುಕೊಂಡರು. ಅತ್ತೆ ಅವರು ಅಗಿಯುವುದನ್ನು, ನುಂಗುವುದನ್ನು, ಅದೇ ಕೊನೆಯ ಸಲ ಎನ್ನುವ ಹಾಗೆ ನೋಡಿದರು.

"ಆ ವಿಮಾನ ಮುಂದಿನ ನಿಲ್ದಾಣ ಮುಟ್ಟಲ್ಲ ಅಂತ," ಅಂದರು, "ಅದು ಹೊರಡೋ ಮುಂಚೆನೇ ನನಗೆ ಗೊತ್ತಿತ್ತು."